ಟೀಚರಮ್ಮ ಫೇಲಾದಳು

ನೋಟಿಸ್ ಬೋರ್ಡಿನಲ್ಲಿ ಲಿಫ್ಟಿನವನ ಹೆಸರಿತ್ತು. ಅವಳದಿರಲಿಲ್ಲ.

ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕೂರುವ ಅವಳು ಪಾಸಾದವರ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದಳು. ಅಕೌಂಟ್ಸ್ ವಿಭಾಗಕ್ಕೆ ಹೋಗಬೇಕೆಂದರೆ ಈ ಪರೀಕ್ಷೆ ಪಾಸಾಗಬೇಕು. ಡೆಬಿಟ್ ಎಡಕ್ಕೋ ಬಲಕ್ಕೋ ಎಂದು ಲಿಫ್ಟಿನ ಸ್ಟೂಲಿನ ಮೇಲೆ ಕೂತು ತಲೆ ಕೆರೆದುಕೊಳ್ಳುತ್ತಿದ್ದವನಿಗೆ ಓಂ ಪ್ರಥಮದಿಂದ ಕಲಿಸಿದವಳೇ ಅವಳು!

ಮೇಲಿನ ಮಹಡಿಯ ದಾಖಲೆ ಕೋಣೆಗೆ ಫೈಲು ಒಯ್ಯುವಾಗಲೆಲ್ಲ ಲಿಫ್ಟಿನಲ್ಲೇ ಪಾಠ.

"ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್. ಈಗ ಹೇಳಿ, ಬಂದದ್ದೇನು?"

"ನೀವು," ಎನ್ನುತ್ತಿದ್ದ ಅವನು, ಲಿಫ್ಟಿನ ಕನ್ನಡಿಯಲ್ಲಿ ಅವಳ ಮುಖ ನೋಡುತ್ತ. ನಗು ಬಂದರೂ ಅವಳು ಪುಸ್ತಕದಿಂದ ಅವನ ತಲೆಗೆ ಮೊಟಕುತ್ತಿದ್ದಳು.

"ಟೀಚರಮ್ಮಾ, ಒಂದು ಮಾತು..." ಎಂದು ಅವನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆದು ಸ್ಟ್ರೆಚರ್ ನುಗ್ಗುತ್ತಿತ್ತು. ಆ ಮಾತು ಒಮ್ಮೆಯೂ ಹೊರಗೆ ಬೀಳಲಿಲ್ಲ. ಅದೂ ಒಂದು ಉರಿ ಅವಳಿಗೆ.

ಫಲಿತಾಂಶ ಬಂದ ಮೇಲೆ ಅವಳು ಲಿಫ್ಟಿನ ಕಡೆ ತಲೆ ಹಾಕಲಿಲ್ಲ. ಮೆಟ್ಟಿಲು ಹತ್ತಿ ಹತ್ತಿ ಮಂಡಿ ಹಿಡಿದುಕೊಂಡಿತು.

"ಲಿಫ್ಟ್ ಕೆಟ್ಟಿದೆಯೇನೇ?" ಎಂದು ಮನೆಯಲ್ಲಿ ಅಕ್ಕ ಕೆಣಕಿದರೆ, "ನನ್ನ ತಲೆ ಕೆಟ್ಟಿದೆ!" ಎಂದು ರೂಮಿನ ಬಾಗಿಲು ಹಾಕಿಕೊಂಡಳು.

ಒಂದು ಮಧ್ಯಾಹ್ನ ಮೆಟ್ಟಿಲ ತಿರುವಿನಲ್ಲಿ ಅವನೇ ನಿಂತಿದ್ದ.

"ಲಿಫ್ಟ್ ಯಾರು ನೋಡ್ಕೋತಿದ್ದಾರೆ?"

"ಹೊಸಬರು ಬಂದಿದ್ದಾರೆ. ನಾಳೆಯಿಂದ ನಾನು ಅಕೌಂಟ್ಸಿಗೆ."

"ಒಳ್ಳೇದು. ದಾರಿ ಬಿಡಿ."

ಅವನು ದಾರಿ ಬಿಡುವ ಬದಲು ಅವಳ ಕೈಲಿದ್ದ ಫೈಲುಗಳಲ್ಲಿ ಅರ್ಧ ಎತ್ತಿಕೊಂಡು ಜೊತೆಗೇ ಹತ್ತತೊಡಗಿದ. ಕೂತು ಅಭ್ಯಾಸವಾದ ಮೈ, ಬೇಗನೆ ಏದುಸಿರು ಬಂತು.

"ಸಿಟ್ಟು ಯಾಕೆ? ನಿಮ್ಮಿಂದಲೇ ಅಲ್ವಾ ನಾನು ಪಾಸಾಗಿದ್ದು?"

"ಅದಕ್ಕೇ ಸಿಟ್ಟು!"

"ಎಲ್ಲಿ ಎಡವಿದ್ರಿ?"

ಹೇಳಬಾರದೆಂದುಕೊಂಡಳು. ಬಾಯಿ ಕೇಳಬೇಕಲ್ಲ.

"ಕೊಡಬೇಕಾದ ಬಾಡಿಗೆಯ ಲೆಕ್ಕದಲ್ಲಿ. ಖರ್ಚಿಗೆ ಸೇರಿಸಿದೆ, ಬ್ಯಾಲೆನ್ಸ್ ಶೀಟಲ್ಲಿ ಸಾಲದ ಕಡೆ ಬರೀಲೇ ಇಲ್ಲ. ತಾಳೆ ಆಗ್ಲಿಲ್ಲ. ಅದನ್ನೇ ಹುಡುಕ್ತಾ ಕೂತೆ, ಬೆಲ್ ಹೊಡೆದುಬಿಡ್ತು."

"ಎರಡೂ ಕಡೆ ಬರೀಬೇಕು ಅಂತ ನನಗೆ ಬೈದು ಬೈದು ಕಲಿಸಿದ್ದು ನೀವು. ನೀವೇ ಹೇಗೆ ಮರೆತ್ರಿ?"

"ಮರೀದೆ ಇನ್ನೇನು!" ಅವಳ ದನಿ ಮಹಡಿಗೆಲ್ಲ ಕೇಳಿಸಿತು. "ಕಿಟಕಿ ಪಕ್ಕ ಪೆನ್ನು ಕಚ್ಚಿಕೊಂಡು ಕೂತಿದ್ರಲ್ಲ ನೀವು! ಈ ಮನುಷ್ಯ ಬರೀತಿದ್ದಾನೋ ಇಲ್ವೋ, ಬಾಡಿಗೆ ಮತ್ತೆ ಮರೆತನೋ ಏನೋ ಅಂತ ನಿಮ್ಮನ್ನೇ ನೋಡ್ತಾ..."

ಅವಳ ಕಿವಿ ಕೆಂಪಾಯಿತು.

ಅವನು ಫೈಲುಗಳನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತ.

"ಅಷ್ಟು ದಿನದಿಂದ ನಾನು ಹೇಳೋಕೆ ಒದ್ದಾಡಿದ್ದನ್ನ ನೀವು ಬೈತಾನೇ ಹೇಳಿಬಿಟ್ರಲ್ಲ!"

"ನಾನೇನೂ ಹೇಳಿಲ್ಲ."

"ಸರಿ, ನಾನೇ ಹೇಳ್ತೀನಿ. ನೀವಿಲ್ಲದೆ ನನಗೆ ಆಗಲ್ಲ. ಮುಂದಿನ ಪರೀಕ್ಷೆ ದಿನ ನಿಮ್ಮ ಕಣ್ಣಿಗೇ ಬೀಳಲ್ಲ, ದೂರ ಎಲ್ಲಾದ್ರೂ ಕಾಯ್ತಿರ್ತೀನಿ. ಸಾಕಾ?"

"ಕಾಣಿಸದಿದ್ರೆ ಇನ್ನೂ ಯೋಚನೆ ಹತ್ಕೊಳ್ಳುತ್ತೆ, ಪೆದ್ದ! ಅಲ್ಲೇ ಬಾಗಿಲ ಹತ್ತಿರ ನಿಂತ್ಕೊಳ್ಳಿ," ಎಂದು ಗದರಿದಳು.

ಸಿಟ್ಟಿನ್ನೂ ಇಳಿದಿರಲಿಲ್ಲ. ಆದರೂ ಅವನ ಪಕ್ಕದಲ್ಲೇ ಕೂತು, ಅವನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.