ಬಟ್ಟೆ ಒಣಹಾಕುವ ಕಂಬ

“ಯಾರನ್ನ ಕೇಳಿ ಕಟ್ಟಿದ್ರಿ ಈ ಹಗ್ಗನ? ಕತ್ತರಿ ತರ್ತೀನಿ ಇರಿ, ಒಂದೇ ಏಟಿಗೆ ಕತ್ತರಿಸಿ ಬಿಸಾಕ್ತೀನಿ.”

“ಕತ್ತರಿಸಬೇಡಿ. ಒಳಗೆ ಹೋಗಿ.”

“ನಮ್ಮ ಹಿತ್ತಲಲ್ಲಿ ನಿಂತಿರೋಳಿಗೆ ಒಳಗೆ ಹೋಗು ಅನ್ನೋಕೆ ನೀವ್ಯಾರು ಸ್ವಾಮಿ? ಒಗೆದ ಬಟ್ಟೆಯೆಲ್ಲ ಮಣ್ಣುಪಾಲಾಗಿದೆ ಇಲ್ಲಿ.”

ನಾನು ಬೈಯುತ್ತಿದ್ದದ್ದು ಪಕ್ಕದ ಮನೆಯ ಲಿಫ್ಟ್ ಮೆಕ್ಯಾನಿಕ್‌ಗೆ. ಯಾರನ್ನೂ ಹತ್ತಿರ ಸೇರಿಸುವುದಿಲ್ಲವೆಂದು ಬೀದಿಯವರು ಅವರಿಗೆ ಒಂಟಿಸಲಗ ಅಂತ ಹೆಸರಿಟ್ಟಿದ್ದರು. ಮೋಟುಗೋಡೆಯ ಆಚೆ, ಕಂಬ ಎತ್ತಲು ಹಗ್ಗ ಸುತ್ತಿ ಎಳೆಯುವ ವಿಂಚಿನ ಹಿಡಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ನಿಂತಿದ್ದರು. ದೂರದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಆಂಟೆನಾಗೆಂದು ತಂದ ನಲವತ್ತಡಿ ಕಬ್ಬಿಣದ ಕಂಬ, ಬುಡದ ಕೀಲಿನ ಮೇಲೆ ಅರ್ಧ ಎದ್ದು ಗಾಳಿಯಲ್ಲಿ ನಿಂತಿತ್ತು.

ಅವರ ಹಿತ್ತಲು ಕಿರಿದು. ಕಂಬ ವಾಲದಂತೆ ಎರಡು ಪಕ್ಕಕ್ಕೂ ಕಟ್ಟುವ ಹಗ್ಗಗಳಲ್ಲಿ ಒಂದಕ್ಕೆ ಜಾಗ ಸಾಲದೆ, ನಾನು ಅಂಗಡಿಗೆ ಹೋದ ಹೊತ್ತು ನೋಡಿ ನಮ್ಮ ಬಟ್ಟೆ ಒಣಹಾಕುವ ಕಂಬಕ್ಕೆ ಕಟ್ಟಿದ್ದರು. ಕೇಳಲು ಬಾಯಿ ಬಂದಿರಲಿಲ್ಲ. ಆದರೆ ಪಕ್ಕದ ಹಗ್ಗ ಬುಡದ ನೇರಕ್ಕಿರಬೇಕಂತೆ. ನಮ್ಮ ಕಂಬ ಆ ನೇರ ಬಿಟ್ಟು ಒಂದಿಷ್ಟು ಮುಂದಿತ್ತು. ಅವರದು ಮೇಲೆದ್ದಷ್ಟೂ ಈ ಹಗ್ಗ ಬಿಗಿಯುತ್ತ, ಅದನ್ನು ನಮ್ಮ ಕಡೆಗೇ ಎಳೆಯುತ್ತಿತ್ತು. ಹಿಡಿ ಹಿಂದಕ್ಕೆ ತಿರುಗದಂತೆ ತಡೆಯಬೇಕಾದ ವಿಂಚಿನ ಹಲ್ಲು ಬೇರೆ ಕಚ್ಚುತ್ತಿರಲಿಲ್ಲ. ಕೈಬಿಟ್ಟರೆ ಕಂಬ ಬೀಳುತ್ತದೆ.

ಬಿದ್ದರೆ ನನ್ನ ಮೇಲೆ. ಒಳಗೆ ಹೋಗಿ ಅಂದದ್ದು ಅದಕ್ಕಂತೆ, ಆಗ ಬಾಯಿಬಿಟ್ಟರು.

“ಅದನ್ನ ಮೊದಲು ಬೊಗಳಬಾರದಾ?” ಅಂದೆ. ಬಾಯಿಗೆ ಬಂದದ್ದೇ ಅದು, ಏನು ಮಾಡಲಿ. “ಈಗ ಏನು ಮಾಡ್ಬೇಕು ಹೇಳಿ.”

“ನೀವು ಹೋಗಿ. ನಾನೊಬ್ಬನೇ ನೋಡ್ಕೋತೀನಿ.”

“ಏನು ನೋಡ್ಕೋತೀರಿ? ಅದು ಬೀಳೋದನ್ನಾ?”

ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಕೈ ಬಿಡುವಿಲ್ಲದ ಮನುಷ್ಯ ನನ್ನನ್ನು ಮೊದಲ ಸಲ ಮುಖ ಎತ್ತಿ ನೋಡಿದರು. ಆ ನೋಟಕ್ಕೆ ನನ್ನ ಅರ್ಧ ಸಿಟ್ಟು ಇಳಿಯಿತು.

“ನಿಮ್ಮ ಕಂಬಕ್ಕೆ ಹಗ್ಗ ಒಂದು ಸುತ್ತು ಇರಲಿ,” ಅಂದರು ಮೆಲ್ಲಗೆ. “ಮಿಕ್ಕಿದ್ದು ಬಿಚ್ಚಿ, ಸ್ವಲ್ಪಸ್ವಲ್ಪವೇ ಬಿಡಿ. ಪೂರ್ತಿ ಮಾತ್ರ ಬಿಡಬೇಡಿ.”

ಬಿಟ್ಟೆ. ಅವರು ಹಿಡಿ ತಿರುಗಿಸುವುದು, ನಾನು ಗೇಣು ಹಗ್ಗ ಬಿಡುವುದು. “ಸಾಕಾ?” “ಇನ್ನೊಂಚೂರು.” ಅಂಗೈ ಸುಲಿದು ಉರಿಯುತ್ತಿತ್ತು. ಕಂಬ ಸೆಟೆದು ನೇರ ನಿಂತಾಗ ಹಗ್ಗ ಬಿಗಿದು ಕಟ್ಟಿ ಇಬ್ಬರೂ ಕತ್ತೆತ್ತಿ ನೋಡಿದೆವು.

ಸಂಜೆ ಅವರು ಮುಲಾಮಿನ ಟ್ಯೂಬ್ ಹಿಡಿದು ಗೋಡೆಯ ಹತ್ತಿರ ಬಂದರು. ಕೈಗೆ ಕೊಡಲೋ, ಗೋಡೆಯ ಮೇಲಿಡಲೋ ಎಂದು ಗೊತ್ತಾಗದೆ ಒದ್ದಾಡಿ, ಗೋಡೆಯ ಮೇಲಿಟ್ಟರು.

“ಸಮುದ್ರದಾಚೆಯವರ ಹತ್ರ ಗಂಟೆಗಟ್ಟಲೆ ಮಾತಾಡ್ತೀರಂತೆ. ಗೋಡೆಯಾಚೆಗೆ ಮಾತಾಡೋಕೇನು ಕಷ್ಟ ನಿಮಗೆ?”

“ಅವರು ಬೈಯಲ್ಲ,” ಅಂದರು. ಕಿವಿ ಕೆಂಪಾಗಿತ್ತು.

ನಕ್ಕುಬಿಟ್ಟೆ. ಎಷ್ಟು ಕಾಲವಾಗಿತ್ತೋ ಹಾಗೆ ನಕ್ಕು.

“ಬನ್ನಿ. ಅವರ ದನಿ ಒಂದ್ಸಲ ಕೇಳಿಸ್ತೀನಿ,” ಅಂದರು.

ಅವರ ಕೋಣೆಯಲ್ಲಿ ಒಂದೇ ಕುರ್ಚಿ. ನನ್ನನ್ನು ಕೂರಿಸಿ, ತಾವು ಮೊಣಕಾಲೂರಿ ರೇಡಿಯೋದ ಗುಂಡಿ ತಿರುಗಿಸಿದರು. ಗರಗರ ಸದ್ದಿನ ನಡುವೆ ಒಂದು ದನಿ ಬಂತು. ಯಾವುದೋ ದ್ವೀಪದಲ್ಲಿ ದೀಪಸ್ತಂಭ ನೋಡಿಕೊಳ್ಳುವ, ನಮ್ಮ ಮಾತೇ ಆಡುವ ಒಬ್ಬ ಗೆಳೆಯ.

“ಅಂತೂ ಒಬ್ಬನೇ ನಿಲ್ಲಿಸಿದೆಯೇನಪ್ಪಾ?” ಅಂತ ಆತ ಕೇಳಿದ.

“ಇಲ್ಲ. ಪಕ್ಕದ ಮನೆಯವರು ಹಗ್ಗ ಹಿಡಿದ್ರು. ಕೈಯೆಲ್ಲ ಸುಲ್ಕೊಂಡ್ರು. ಅವರಿಲ್ಲದಿದ್ರೆ ಇವತ್ತು ಕಂಬಾನೂ ಇಲ್ಲ, ನಾನೂ ಇಲ್ಲ.”

ನನ್ನ ಕಣ್ಣು ತುಂಬಿತು. ಅಣ್ಣನ ಮನೆಯಲ್ಲಿ ಹೊತ್ತು ಮೂಡುವ ಮುಂಚೆ ಎದ್ದು ಬೇಯಿಸಿ, ಬೀದಿಯವರ ಬಟ್ಟೆ ಹೊಲಿದು ನಡುವಯಸ್ಸು ದಾಟಿದ್ದೆ. ನೀನಿಲ್ಲದಿದ್ದರೆ ಅಂತ ಯಾರೂ ಅಂದಿರಲಿಲ್ಲ. ಇಲ್ಲಿ ಒಬ್ಬರು, ನಾನು ಕಂಡೇ ಇರದವನಿಗೆ ಹೇಳುತ್ತಿದ್ದರು.

ಆಮೇಲೆ ದಿನಾ ಸಂಜೆ ಹೋದೆ. ಎರಡನೆಯ ವಾರಕ್ಕೆ ಇನ್ನೊಂದು ಕುರ್ಚಿ ಬಂತು.

“ಇದ್ಯಾಕೆ ತಂದ್ರಿ?”

“ಮಂಡಿ ನೋವು,” ಅಂದರು. ಸ್ವಲ್ಪ ಹೊತ್ತು ಗುಂಡಿ ತಿರುಗಿಸಿ, ನನ್ನ ಕಡೆ ನೋಡದೆ, “ಸುಳ್ಳು. ನೀವು ಇಲ್ಲೇ ಇರ್ತೀರಾ ಅಂತ ಕೇಳಬೇಕಿತ್ತು. ಹೆಂಗೆ ಕೇಳೋದು ಅಂತ ಗೊತ್ತಾಗ್ತಿಲ್ಲ.”

“ಕೇಳಿದ್ರಲ್ಲ ಈಗ.”

“ನೀವು ಬೈಯಲಿಲ್ಲ.”

“ಬೈತೀನಿ. ಜೀವಮಾನವಿಡೀ ಬೈತೀನಿ. ಆಗುತ್ತಾ?”

“ಆಗುತ್ತೆ,” ಅಂದರು. ಸುಲಿದು ಮಾಗಿದ ನನ್ನ ಅಂಗೈಯನ್ನು ಮೆಲ್ಲಗೆ ಎತ್ತಿಕೊಂಡು ತಮ್ಮ ಕೆನ್ನೆಗೆ ಒತ್ತಿಕೊಂಡರು.

ಮನೆಗೆ ಬಂದು ಹೇಳಿದೆ. ಅಣ್ಣ ತಟ್ಟೆ ತಳ್ಳಿ ಎದ್ದ. “ಆ ಒಂಟಿಸಲಗನ ಮನೆಗೆ ಕಾಲಿಟ್ರೆ, ಈ ಹೊಸ್ತಿಲು ಮತ್ತೆ ತುಳೀಬೇಡ. ಜನ ಏನಂತಾರೆ?”

ಹಿಂದಿನ ನಾನಾಗಿದ್ದರೆ ಮನೆ ಹಾರಿಹೋಗುವಂತೆ ಕಿರುಚುತ್ತಿದ್ದೆ. ಅಂದು ಸಿಟ್ಟೇ ಬರಲಿಲ್ಲ. ಅಪ್ಪ ಹೋದ ಮೇಲೆ ನನಗೊಂದು ಸೂರು ಕೊಟ್ಟವನು ಇವನೇ. ಹೊಲಿಗೆ ಮಿಷನ್ ಹೆಗಲ ಮೇಲೆ ಹೊತ್ತು ತಂದು ಕಿಟಕಿಯ ಬೆಳಕಿಗೆ ಇಟ್ಟುಕೊಟ್ಟವನೂ ಇವನೇ.

“ಇಷ್ಟು ವರ್ಷ ನೋಡ್ಕೊಂಡಿದ್ದೀಯ ಅಣ್ಣಾ. ನಿನ್ನ ಉಪಕಾರ ಮರೆಯಲ್ಲ,” ಅಂದೆ.

ಅವನು ಗೋಡೆಯ ಕಡೆ ತಿರುಗಿಕೊಂಡ. ಅತ್ತಿಗೆ ಒಳಗಿನಿಂದ ನನ್ನ ಸೀರೆಗಳನ್ನು ಮಡಿಸಿ ತಂದು ಚೀಲಕ್ಕೆ ತುಂಬಿದಳು. “ನಾಳೆಯಿಂದ ನಾನೇ ಎದ್ದು ಬೇಯಿಸ್ಬೇಕು,” ಎಂದು ಗೊಣಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದೆ. ಹೊರಗೆ ಇನ್ನೂ ಬೆಳಕಿತ್ತು. ಬಾಗಿಲು ಎಳೆದುಕೊಂಡು ಪಕ್ಕದ ಮನೆಗೆ ಹೊರಟೆ, ಅಣ್ಣನ ಹೊಸ್ತಿಲಿಗೆ ಮತ್ತೆ ಹೋಗಲಿಲ್ಲ.