ಲಾ ಸೊರ್ದಾ ಗಣಿಯ ಮೂಲ ನಕ್ಷೆ

2019ರ ಮಾರ್ಚ್ 11, ಸೋಮವಾರ, ಬೆಳಿಗ್ಗೆ 8.40. ಕೊಲಂಬಿಯಾದ ಪುವೆಂತೆ ಸೆಕೊ ಠಾಣೆಗೆ ಕಲ್ಲಿದ್ದಲು ಕಂಪನಿಯ ವಕೀಲ ಬಂದು ದೂರು ಕೊಟ್ಟ. ಲಾ ಸೊರ್ದಾ ತೆರೆದ ಗಣಿಯ 1987ರ ಮೂಲ ನಕ್ಷೆ ಸರ್ಕಾರಿ ಗಣಿ ಕಚೇರಿಯ ದಾಖಲೆ ಕೋಣೆಯಿಂದ ಕಾಣೆಯಾಗಿದೆ. ಗಣಿಯ ಪೂರ್ವಕ್ಕಿರುವ ಜಾಗದಲ್ಲಿ ಅಗೆದ ಮಣ್ಣು ಸುರಿಯಲು ಕಂಪನಿ ಪರವಾನಗಿ ಕೇಳಿದೆ. ಶುಕ್ರವಾರದೊಳಗೆ ಮೂಲ ನಕ್ಷೆ ಹಾಜರುಪಡಿಸದಿದ್ದರೆ ಅರ್ಜಿ ವಜಾ.

"ನಕಲು ಕೊಟ್ರೆ ಆಗಲ್ವಾ?" ಇನ್‌ಸ್ಪೆಕ್ಟರ್ ನೂಬಿಯಾ ಮಾಯೆಸ್ತ್ರೆ ಕೇಳಿದಳು.

"ನಡೆಯಲ್ವಂತೆ."

"ಯಾರು ಹೇಳಿದ್ದು?"

"ಅದನ್ನ ಯಾರೂ ಹೇಳ್ತಿಲ್ಲ ಮೇಡಂ."

ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಓಸ್ಪಿನೊನನ್ನು ಕರೆದುಕೊಂಡು ಆಕೆ ಹೊರಟಳು.

ಕೋಣೆಯ ಬೀಗ ಮುರಿದಿರಲಿಲ್ಲ. ಬೀಗದ ಕೈ ಪುರಸಭೆಯಲ್ಲಿದೆ ಎಂದರು ಗಣಿ ಕಚೇರಿಯವರು. ಗಣಿ ಕಚೇರಿಯಲ್ಲೇ ಇದೆ ಎಂದರು ಪುರಸಭೆಯವರು. ಮೂವತ್ತೆರಡು ವರ್ಷಗಳಲ್ಲಿ ಗಣಿ ಮೂವರು ಮಾಲೀಕರನ್ನು ಕಂಡಿತ್ತು, ಕಚೇರಿ ನಾಲ್ಕು ಸಲ ಹೆಸರು ಬದಲಿಸಿತ್ತು. ಪ್ರತಿ ಸಲವೂ ಕಡತಗಳು ಜಾಗ ಬದಲಿಸಿದವು. ಹೊಣೆ ಯಾರ ಹೆಗಲಿಗೂ ಬರಲಿಲ್ಲ.

"ಈ ಊರಲ್ಲಿ ಗುಡ್ಡ ಅಗೆಯೋದು ಸುಲಭ ಕಣಯ್ಯ, ಒಂದು ಬೀಗದ ಕೈ ಹುಡುಕೋದು ಕಷ್ಟ," ಎಂದು ನೂಬಿಯಾ ಬೆವರೊರೆಸಿಕೊಂಡಳು.

ಮಧ್ಯಾಹ್ನ 3.15ಕ್ಕೆ, ಗಣಿ ಕಚೇರಿಯ ಗುಮಾಸ್ತೆಯ ಮೇಜಿನ ಮೇಲಿದ್ದ ಅದೇ ಗಣಿಯ ಕಡತದಲ್ಲಿ ಏಳು ಅರ್ಜಿಗಳು ಸಿಕ್ಕವು. ಎಲ್ಲವೂ ನಿವೃತ್ತ ಭೂಮಾಪಕ ಎದಿಲ್ಬೆರ್ತೊ ಕಿಂತಾನಾ ಬರೆದವು. ಪೂರ್ವದ ಜಾಗ ಖಾಲಿಯಲ್ಲ, ಲಾ ಸೊರ್ದಾ ಊರಿನ ಸ್ಮಶಾನ, ನಕ್ಷೆ ತಿದ್ದಿ ಎಂಬುದೇ ಎಲ್ಲದರ ಬೇಡಿಕೆ. ಏಳಕ್ಕೂ ಒಂದೇ ಉತ್ತರ: 'ಭೂಮಾಪಕ ಎದಿಲ್ಬೆರ್ತೊ ಕಿಂತಾನಾ ಸಹಿ ಮಾಡಿದ ನಕ್ಷೆಯ ಪ್ರಕಾರ ಅಲ್ಲಿ ಸಮಾಧಿಗಳಿಲ್ಲ.'

ಓಸ್ಪಿನೊ ಎರಡು ಸಲ ಓದಿದ. "ಮೇಡಂ, ಇವ್ರ ಮಾತು ಸುಳ್ಳು ಅನ್ನೋಕೆ ಇವ್ರನ್ನೇ ಸಾಕ್ಷಿ ಮಾಡ್ಕೊಂಡಿದಾರೆ!"

ನೂಬಿಯಾ ಗುಮಾಸ್ತೆ ದಿಯೊನಿಸಿಯಾಳತ್ತ ತಿರುಗಿದಳು. "ಇವ್ರು ಇಲ್ಲಿಗೆ ಯಾವಾಗ ಬಂದಿದ್ರು?"

"ಗುರುವಾರ."

"ರಿಜಿಸ್ಟರಲ್ಲಿ ಸಹಿ ಇಲ್ಲ."

"ನಂಗೆ ಕೆಲಸ ಕಲಿಸಿದೋರು. ಅವ್ರನ್ನ ಬಾಗಿಲಲ್ಲಿ ನಿಲ್ಸಿ ಸಹಿ ಕೇಳ್ಲಾ?"

"ಬೀಗದ ಕೈ?"

ಆಕೆ ಮೇಜಿನ ಖಾನೆ ಎಳೆದು ತೋರಿಸಿದಳು.

"ಬೆಳಿಗ್ಗೆಯಿಂದ ಇಲ್ಲೇ ಇತ್ತಾ?"

"ನನ್ನ ಯಾರೂ ಕೇಳ್ಲಿಲ್ಲ."

ಮರುದಿನ ಬೆಳಿಗ್ಗೆ 10ಕ್ಕೆ ಅವರು ಎದಿಲ್ಬೆರ್ತೊನ ಮನೆ ತಲುಪಿದರು. ನಕ್ಷೆ ಊಟದ ಮೇಜಿನ ಮೇಲೆ ಹರಡಿತ್ತು. ಮುದುಕ ಕಪ್ಪು ಶಾಯಿಯಲ್ಲಿ ಪುಟ್ಟ ಶಿಲುಬೆಗಳನ್ನು ಗುರುತಿಸಿ, ಒಂದೊಂದರ ಪಕ್ಕ ಹೆಸರು ಬರೆಯುತ್ತಿದ್ದ.

"ಒಳಗ್ ಬನ್ನಿ ತಾಯಿ. ಮೂವತ್ತೆಂಟು ಆಯ್ತು, ಇನ್ನು ಮೂರೇ ಬಾಕಿ."

"ಖಾಲಿ ಜಾಗ ಅಂತ ಬರೆದೋರು ನೀವೇ ಅಲ್ವಾ?"

"ಸ್ಮಶಾನ ಅಂದ್ರೆ ಪರವಾನಗಿ ಎರಡು ವರ್ಷ ತಡ ಆಗುತ್ತೆ, ಬಿಟ್ಬಿಡು ಅಂದ್ರು ಮೇಲಿನೋರು. ಬಿಟ್ಟೆ. ಆಗ ಅಲ್ಲಿ ನಮ್ಮೋರು ಯಾರೂ ಇರ್ಲಿಲ್ಲ."

"ಆಮೇಲೆ?"

"ಆ ಊರಿನ ಹೆಣ್ಣನ್ನೇ ಮದುವೆಯಾದೆ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ್ವಿ. ನಕ್ಷೆ ವಿಷ್ಯ ಅವಳಿಗೆ ಹೇಳೋಕೆ ಬಾಯೇ ಬರ್ಲಿಲ್ಲ. ಸಾಯೋವಾಗ, ನಮ್ಮಮ್ಮನ ಪಕ್ಕದಲ್ಲೇ ಮಣ್ಣು ಮಾಡಿ ಅಂದ್ಲು."

10.25ಕ್ಕೆ ಅವನನ್ನು ಬಂಧಿಸಲಾಯಿತು. ಪಂಚನಾಮೆ ಬರೆಯಲು ಕೂತ ಓಸ್ಪಿನೊ ತಲೆ ಕೆರೆದುಕೊಂಡ. "'ತಿದ್ದಿದ ನಕ್ಷೆ' ಅಂತ ಬರೆದ್ರೆ ಸಾಕಲ್ವಾ ಮೇಡಂ?"

"ಸಾಲಲ್ಲ. ಇದ್ದದ್ದನ್ನ ಇದ್ದ ಹಾಗೆ ಬರಿ. ಒಂದೊಂದು ಶಿಲುಬೇನೂ, ಹೆಸರಿನ ಸಮೇತ." ಆಕೆ ಮುದುಕನತ್ತ ನೋಡಿದಳು. "ಉಳಿದ ಮೂರು ಹೆಸರನ್ನ ನಿಮ್ಮ ಹೇಳಿಕೆಯಲ್ಲಿ ಹೇಳಿ, ಅವೂ ದಾಖಲೆಗೆ ಸೇರ್ಲಿ."

ಶುಕ್ರವಾರ ನಕ್ಷೆ ನ್ಯಾಯಾಲಯದ ವಶದಲ್ಲಿತ್ತು. ಕಂಪನಿಯ ಅರ್ಜಿ ವಜಾ ಆಯಿತು. ಕಳವಿಗೆ ಕಾರಣವೇನೆಂಬ ಪ್ರಶ್ನೆಗೆ ಎದಿಲ್ಬೆರ್ತೊ ಕೊಟ್ಟ ಉತ್ತರವನ್ನು ಓಸ್ಪಿನೊ ಅವನ ಮಾತಿನಲ್ಲೇ ಬರೆದುಕೊಂಡಿದ್ದ: "ಎಂಟನೇ ಅರ್ಜಿ ಹಾಕಿದ್ರೂ, ಇಲ್ಲ ಅನ್ನೋಕೆ ನನ್ನ ಸಹೀನೇ ಬರ್ತಿತ್ತು."