ಕಸದ ಸಾಕ್ಷಿ

ಗುಡಿಸುಗ ಯಂತ್ರ ಗೋಡೆಯ ಅಂಚನ್ನು ತಡವುತ್ತ ಬಂದು, ಊಟದ ಮೇಜಿನ ಕಾಲುಗಳನ್ನು ಒಂದೊಂದಾಗಿ ಸುತ್ತಿ, ಹೊಸ್ತಿಲಿನ ಎದುರು ಕ್ಷಣಕಾಲ ನಿಂತಿತು. ಆಮೇಲೆ ಮುಂದಿನ ಗಾಲಿಗಳನ್ನು ತುಸು ಎತ್ತಿ ಆಚೆ ದಾಟಿತು. ಮಲಗುವ ಕೋಣೆಯ ಮಂಚದಡಿಯೆಲ್ಲ ಓಡಾಡಿ, ನಡುಮನೆಯ ಮೂಲೆಯಲ್ಲಿದ್ದ ತನ್ನ ಗೂಡಿಗೆ ಮರಳಿ ಬೆನ್ನು ಕೊಟ್ಟು ನಿಂತಿತು. ಗೂಡು ಹೋರಿಯಂತೆ ಒಮ್ಮೆ ಗುಟುರು ಹಾಕಿ, ಗುಡಿಸುಗನ ಹೊಟ್ಟೆಯಲ್ಲಿದ್ದ ಕಸವನ್ನೆಲ್ಲ ಒಳಗಿನ ಚೀಲಕ್ಕೆ ಎಳೆದುಕೊಂಡಿತು. ನಂತರ ಗೂಡಿನಿಂದ ಒಂದು ಹೆಣ್ಣುದನಿ ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡದಲ್ಲಿ ಹೇಳಿತು: “ರವೆ. ತಲೆಗೂದಲು. ಶೇಂಗಾ ಸಿಪ್ಪೆ. ಇವು ಮೇಜಿನ ಕೆಳಗೆ ಹೆಚ್ಚಾಗಿದ್ದವು.”

ರವೆ, ಕೂದಲು, ಶೇಂಗಾ ಸಿಪ್ಪೆಗಳನ್ನು ಪರೀಕ್ಷೆಗೆಂದು ಅಲ್ಲಿ ಚೆಲ್ಲಿದವರು ಮನೆಯೊಡತಿ ಶಾಂಭವಿ ಹೂಲಿ. ಅವರು ನೆಲಕ್ಕೆ ಬಾಗಿ, ಅಂಗೈಯಿಂದ ಹಾಸುಗಲ್ಲನ್ನು ಒರೆಸಿ ನೋಡಿದರು. ಕೈಗೆ ಏನೂ ಹತ್ತಲಿಲ್ಲ.

“ಇದು ಇಷ್ಟು ಸೋವಿ ಯಾಕ?” ಎಂದು ಕೇಳಿದರು.

ಶಾಂಭವಿ ಹುಬ್ಬಳ್ಳಿಯ ಗ್ರಾಹಕ ಪರೀಕ್ಷಾಲಯದಲ್ಲಿ ಮನೆಬಳಕೆಯ ಯಂತ್ರಗಳನ್ನು ಪರೀಕ್ಷಿಸುವ ಅಧಿಕಾರಿ. ಅವರು ಒಪ್ಪದ ಮಿಕ್ಸರನ್ನು ಅವಳಿ ನಗರದ ಯಾವ ಗೃಹಿಣಿಯೂ ಮುಟ್ಟುತ್ತಿರಲಿಲ್ಲ. ಆಕಾಶದಲ್ಲಿ ಗಾಳಿಗಾಡಿಗಳು ಹಾರಾಡತೊಡಗಿದ ಮೇಲೂ ಹುಬ್ಬಳ್ಳಿಯ ನೆಲದ ಧೂಳು ಕಡಿಮೆಯಾಗಿರಲಿಲ್ಲ. ತಾನೇ ಗುಡಿಸಿ, ತನ್ನ ಹೊಟ್ಟೆಯನ್ನು ತಾನೇ ಬರಿದುಮಾಡಿಕೊಳ್ಳುವ ಯಂತ್ರಗಳು ಆಗಲೇ ಇದ್ದವು. ಆದರೆ ಅವು ಸಿರಿವಂತರ ಮನೆಯಲ್ಲಿ ಮಾತ್ರ ಇದ್ದವು. ಈ ಗುಡಿಸುಗನ ಬೆಲೆ ಒಂದು ಸಾಧಾರಣ ಇಳಕಲ್ ಸೀರೆಯಷ್ಟು. ಅದೇ ಅವರ ಸಂಶಯಕ್ಕೆ ಮೊದಲ ಕಾರಣ.

ಯಂತ್ರವನ್ನು ರೂಪಿಸಿದ ವಿಜ್ಞಾನಿ ನಜೀರ್ ಮುಲ್ಲಾ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಗೋಕುಲ ರಸ್ತೆಯ ಸಣ್ಣ ಕಾರ್ಖಾನೆಯಲ್ಲಿ ಆರೇಳು ಗೆಳೆಯರೊಡನೆ ತಯಾರಿಸಿದ ಅವರ ಮೊದಲ ಯಂತ್ರ ಇದು.

“ಇದಕ್ಕ ಕಣ್ಣಿಲ್ರಿ, ಅಕ್ಕಾರ,” ಎಂದರು ಅವರು. “ಬ್ಯಾರೆ ಯಂತ್ರಕ್ಕ ಕ್ಯಾಮೆರಾ, ಲೇಸರ್ ಎಲ್ಲಾ ಇರ್ತಾವ. ಖರ್ಚು ಅಲ್ಲೇ ಆಗೂದು. ನಾವು ಅವನ್ನ ತಗದು ಮೂಗು ಕೊಟ್ಟೀವಿ.”

ಅವರು ವಿವರಿಸಿದ ತತ್ವ ಸರಳವಾಗಿತ್ತು. ಗೂಡಿನ ಕೊಳವೆಯಲ್ಲಿ ಒಂದು ‘ಧೂಳರಿವು ಫಲಕ’ ಇತ್ತು. ಕಸ ಅದನ್ನು ದಾಟಿ ಹೋಗುವಾಗ ಪ್ರತಿ ಕಣವೂ ಯಾವ ಪದಾರ್ಥದ್ದೆಂದು ಫಲಕ ಗುರುತಿಸುತ್ತಿತ್ತು. ಗುಡಿಸುಗನೂ ತಾನು ಯಾವ ಮೂಲೆಯಲ್ಲಿ ಏನನ್ನು ಎತ್ತಿಕೊಂಡೆ ಎಂಬುದನ್ನು ನೆನಪಿಟ್ಟುಕೊಳ್ಳುತ್ತಿತ್ತು. ಎರಡನ್ನೂ ಕೂಡಿಸಿದರೆ ಮನೆಯ ಕಸ ಎಲ್ಲಿ ಹುಟ್ಟಿ ಎತ್ತ ಹರಿಯುತ್ತದೆಂಬುದು ತಿಳಿಯುತ್ತಿತ್ತು. ಮರುದಿನ ಯಂತ್ರ ಮನೆಯೆಲ್ಲ ಅಲೆಯದೆ ನೇರವಾಗಿ ಅಲ್ಲಿಗೇ ಹೋಗುತ್ತಿತ್ತು.

“ಅಂದ್ರ ನಮ್ಮ ಮನಿ ಕಸ ಓದ್ತೀರಿ.”

“ಯಂತ್ರ ಓದ್ತೈತ್ರಿ. ನಾವಲ್ಲ.”

“ಓದಿದ್ದು ಎಲ್ಲಿಗೆ ಹೋಗ್ತೈತಿ?”

“ಎಲ್ಲಿಗೂ ಹೋಗೂದಿಲ್ರಿ. ಗೂಡಿನ್ಯಾಗ ಇರ್ತೈತಿ. ಖರೇನ ಕೆಲಸಾ ಮಾಡೇತೋ ಇಲ್ಲೋ ಜನಕ್ಕ ಗೊತ್ತಾಗ್ಲಿ ಅಂತ ಬಾಯಿಲೆ ಹೇಳಸ್ತೀವಿ, ಅಷ್ಟ.”

ಅಷ್ಟೇ ಎಂಬ ಮಾತನ್ನು ಶಾಂಭವಿ ತಮ್ಮ ವೃತ್ತಿಯಲ್ಲಿ ಬಹಳ ಸಲ ಕೇಳಿದ್ದರು. ಯಂತ್ರವನ್ನು ಒಂದು ತಿಂಗಳು ಮನೆಯಲ್ಲೇ ಇರಿಸಿಕೊಂಡರು. ಮನೆಯ ಅಂತರಜಾಲದ ಸಂಪರ್ಕವನ್ನು ಕಡಿದು ನೋಡಿದರು. ಅದು ಎಂದಿನಂತೆ ಗುಡಿಸಿತು. ಕಸ ಎಳೆಯುವಾಗ ಗೂಡು ಧೂಳನ್ನು ಹೊರಗೆ ಉಗುಳುತ್ತದೆಯೇ ಎಂದು ಅದರ ಮೇಲೆ ಒದ್ದೆಯಾದ ಬಿಳಿ ಪಂಚೆ ಹೊದಿಸಿದರು. ಪಂಚೆ ಬೆಳ್ಳಗೇ ಉಳಿಯಿತು. ಸೀರೆಯ ಸೆರಗು, ಜಮಖಾನೆಯ ಕುಚ್ಚು, ಬಿಚ್ಚಿಹೋದ ಮಲ್ಲಿಗೆ ದಂಡೆ ಎಲ್ಲವನ್ನೂ ದಾರಿಯಲ್ಲಿ ಹಾಕಿದರು. ಜಮಖಾನೆಯ ಕುಚ್ಚಿನಲ್ಲಿ ಒಮ್ಮೆ ಸಿಕ್ಕಿಕೊಂಡಿತಾದರೂ ತಾನೇ ಹಿಂದೆ ಸರಿದು ಬಿಡಿಸಿಕೊಂಡಿತು. ಯಂತ್ರ ಒಂದೊಂದು ಪರೀಕ್ಷೆ ಗೆದ್ದಂತೆ ಶಾಂಭವಿಯವರ ಸಂಶಯ ಹೆಚ್ಚುತ್ತ ಹೋಯಿತು.

ಅವರ ಗಂಡ ಮುರಿಗೆಪ್ಪ ರೈಲ್ವೆ ಕಾರ್ಖಾನೆಯಿಂದ ನಿವೃತ್ತರಾದವರು, ಮಿತಭಾಷಿ. “ಬಿಡ ಅದನ್ನ. ಚಂದಂಗ ಕಸಾ ಉಡಗತೈತಲ್ಲ,” ಎನ್ನುವರು. ಮಧ್ಯಾಹ್ನ ಊಟ ಮುಗಿಸಿ ಗೆಳೆಯರೊಂದಿಗೆ ಇಸ್ಪೀಟು ಆಡಿ ಬರುತ್ತೇನೆಂದು ಹೊರಡುವರು.

ಒಂದು ಸಂಜೆ ಗೂಡು ಗುಟುರು ಹಾಕಿ ಹೇಳಿತು: “ಒಣಮೆಣಸಿನಕಾಯಿಯ ಪುಡಿ. ಜೋಳದ ಹಿಟ್ಟು. ಬಾಗಿಲಿನಿಂದ ಮಂಚದವರೆಗೆ.”

ಶಾಂಭವಿ ಹಿಗ್ಗಿದರು. ಕೊನೆಗೂ ಸುಳ್ಳು ಸಿಕ್ಕಿತ್ತು. ಮುರಿಗೆಪ್ಪನವರಿಗೆ ಹೊಟ್ಟೆಯ ಹುಣ್ಣು. ಮನೆಯಲ್ಲಿ ಖಾರದ ಪುಡಿ ತಂದು ವರ್ಷಗಳಾಗಿದ್ದವು. ರೊಟ್ಟಿಯೂ ಪಕ್ಕದ ಓಣಿಯಿಂದ ತಯಾರಾಗಿ ಬರುತ್ತಿತ್ತು. ಮರುದಿನವೂ, ಅದರ ಮರುದಿನವೂ ಗೂಡು ಅದನ್ನೇ ಹೇಳಿದಾಗ ಅವರು ನಜೀರರನ್ನು ಕರೆಸಿದರು.

“ಇಲ್ಲದ್ದು ಹೇಳ್ತೈತ್ರಿ ನಿಮ್ಮ ಮೂಗು. ನಮ್ಮನ್ಯಾಗ ಖಾರಪುಡಿನ ಇಲ್ಲ.”

ನಜೀರರ ಮುಖ ಸಣ್ಣದಾಯಿತು. ಅವರು ಗೂಡಿನ ಚೀಲ ಬಿಚ್ಚಿ, ತುಸು ಕಸವನ್ನು ಬಿಳಿ ತಟ್ಟೆಗೆ ಸುರಿದು, ಬೆರಳಿನಿಂದ ಹರಡಿದರು. ಬೂದುಬಣ್ಣದ ಧೂಳಿನ ನಡುವೆ ಕೆಂಪು ಕಣಗಳಿದ್ದವು. ಬಾಗಿ ಮೂಸಿದವರೇ ಒಂದರ ಹಿಂದೊಂದು ಸೀನತೊಡಗಿದರು. ಕಣ್ಣು ಒರೆಸಿಕೊಳ್ಳುತ್ತ, “ಬ್ಯಾಡಗಿ ಮೆಣಸಿನಕಾಯಿ ಐತ್ರಿ ಅಕ್ಕಾರ,” ಎಂದರು. ದನಿಯಲ್ಲಿ ಗೆಲುವಿತ್ತು. “ಸುಳ್ಳ ಹೇಳಿಲ್ರಿ ಇದು. ಯಾರೋ ದಿನಾ ಹೊರಗಿಂದ ಕಾಲಿಗೆ ಹಚ್ಚಿಕೊಂಡು—”

ಅಷ್ಟರಲ್ಲಿ ಮುರಿಗೆಪ್ಪ ಬಾಗಿಲಲ್ಲಿ ಕಾಣಿಸಿಕೊಂಡರು. ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದರು. ಅವರ ಧೋತರದ ಅಂಚು ತೆಳುವಾಗಿ ಕೆಂಪಾಗಿತ್ತು. ನಜೀರ್ ಮಾತನ್ನು ಅಲ್ಲಿಗೇ ನುಂಗಿ, ಚೀಲವನ್ನು ಗೂಡಿಗೆ ಸೇರಿಸಿ, ಏನೋ ನೆಪ ಹೇಳಿ ಹೊರಟುಹೋದರು.

ಶಾಂಭವಿ ಗಂಡನ ಪಾದಗಳನ್ನೇ ನೋಡುತ್ತಿದ್ದರು. ಖಾರವನ್ನೂ ಜೋಳವನ್ನೂ ಬೀಸುವ ಗಿರಣಿ ಅವರಿಗೆ ಗೊತ್ತಿದ್ದದ್ದು ಒಂದೇ. ಅದು ಮುರಿಗೆಪ್ಪನವರ ಅಣ್ಣ ಸಂಗಪ್ಪನವರದು. ಹಿರಿಯರ ಮನೆ ಪಾಲಾದ ದಿನ ಸಂಗಪ್ಪ, ನೌಕರಿ ಮಾಡುವ ಹೆಂಗಸಿಗೆ ಮನೆತನ ಏನು ಗೊತ್ತು ಎಂದು ಹತ್ತು ಜನರ ಮುಂದೆ ಅಂದಿದ್ದರು. ಇನ್ನು ಸಂಗಪ್ಪನವರ ಹೊಸ್ತಿಲು ತುಳಿಯುವುದಿಲ್ಲ ಎಂದು ಶಾಂಭವಿ ಹೇಳಿ ಬಂದಿದ್ದರು. ತಾನೂ ತುಳಿಯುವುದಿಲ್ಲ ಎಂದು ಮುರಿಗೆಪ್ಪ ಮಾತು ಕೊಟ್ಟಿದ್ದರು.

“ಇಸ್ಪೀಟು ಎಲ್ಲಿ ಆಡ್ತೀರಿ?”

ಮುರಿಗೆಪ್ಪ ಮಂಚದ ಮೇಲೆ ಕುಳಿತರು. “ಅಣ್ಣಗ ಲಕ್ವಾ ಹೊಡದೈತಿ. ಬಲಗೈ ಏಳೂದಿಲ್ಲ. ಮಧ್ಯಾಹ್ನ ಹೋಗಿ ಗಿರಣಿ ನೋಡ್ಕೋತೀನಿ.”

“ನನಗ ಹೇಳಲಿಲ್ಲ.”

“ಹೇಳಿದ್ರ ನೀ ಬ್ಯಾಡ ಅಂತಿದ್ದಿ. ಹೋಗದ ಇರಾಕ ನನ್ನಿಂದ ಆಗತಿದ್ದಿಲ್ಲ.”

“ಸುಳ್ಳ ಹೇಳಿದ್ರಿ.”

“ಹೌದು. ತಪ್ಪ ಐತಿ.” ಅವರು ತಟ್ಟೆಯಲ್ಲಿ ಹರಡಿದ್ದ ಕಸವನ್ನು ನೋಡಿದರು. “ಆದ್ರ ನೀ ನನ್ನ ಕೇಳಬೇಕಿತ್ತು, ಶಾಂಭವಿ. ಕಸಾ ಕೇಳಿದಿ.”

ಕಂಪನಿ ತಮ್ಮ ಮನೆಯೊಳಗೆ ಇಣುಕೀತೆಂದು ಇಷ್ಟು ದಿನ ಕಾವಲು ಕಾದವರು ಶಾಂಭವಿ. ಕೊನೆಗೆ ಇಣುಕಿದವರೂ ಅವರೇ.

ಪರೀಕ್ಷಾಲಯದ ತೀರ್ಪನ್ನು ಅವರು ಪ್ರಾಮಾಣಿಕವಾಗಿ ಬರೆದರು. ಯಂತ್ರ ಚೆನ್ನಾಗಿ ಗುಡಿಸುತ್ತದೆ, ಗೂಡಿನಿಂದ ಧೂಳು ಸೋರುವುದಿಲ್ಲ, ಬೆಲೆ ನ್ಯಾಯವಾಗಿದೆ. ಕೊನೆಗೆ ಹೀಗೆ ಸೇರಿಸಿದರು: ‘ಆದರೆ ಮನೆಯವರು ಎಲ್ಲಿಗೆ ಹೋಗಿ ಬಂದರೆಂಬುದನ್ನು ಇದು ಅವರ ಕಾಲಧೂಳಿನಿಂದ ಹೇಳಿಬಿಡುತ್ತದೆ. ಈ ಕಾರಣಕ್ಕಾಗಿ ಇದನ್ನು ಕೊಳ್ಳುವಂತೆ ಶಿಫಾರಸು ಮಾಡಲಾಗದು.’

ತೀರ್ಪು ಪ್ರಕಟವಾದ ಮರುದಿನ ಬೆಳಿಗ್ಗೆ ಗೋಕುಲ ರಸ್ತೆಯ ಕಾರ್ಖಾನೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಗಂಡನ ಮೇಲೆ ಸಂಶಯವಿದ್ದ ಹೆಂಡತಿಯರು, ಹೆಂಡತಿಯ ಮೇಲೆ ಸಂಶಯವಿದ್ದ ಗಂಡಂದಿರು, ಮಗಳು ಖರೇನೇ ಕಾಲೇಜಿಗೆ ಹೋಗುತ್ತಾಳೋ ಎಂದು ತಿಳಿಯಬೇಕಾದ ತಂದೆತಾಯಿಗಳು. ನಜೀರ್ ನಾಚಿ, ಮಾತಾಡದ ಗೂಡಿನ ಮಾದರಿಯೊಂದನ್ನು ತಯಾರಿಸಿದರು. ಅದನ್ನು ಯಾರೂ ಕೇಳಲಿಲ್ಲ.

ಇಷ್ಟಾಗುವ ಹೊತ್ತಿಗೆ ಶಾಂಭವಿಯವರ ಮನೆಯಲ್ಲಿ ಮಾತು ಬಹಳ ಕಡಿಮೆಯಾಗಿತ್ತು. ಒಂದು ಮಧ್ಯಾಹ್ನ, ಗಂಡ ಹೇಳಿದ್ದು ನಿಜವೇ ಎಂಬ ಸಂಶಯ ಇನ್ನೂ ಎಳ್ಳಷ್ಟು ಉಳಿದಿದ್ದರಿಂದಲೇ, ಅವರು ಗಿರಣಿಗೆ ಹೋದರು. ಮುರಿಗೆಪ್ಪ ಮೂಗಿಗೆ ವಸ್ತ್ರ ಕಟ್ಟಿಕೊಂಡು ಯಂತ್ರದ ಬಾಯಿಗೆ ಮೆಣಸಿನಕಾಯಿ ಸುರಿಯುತ್ತಿದ್ದರು. ಸಂಗಪ್ಪ ಕುರ್ಚಿಯಲ್ಲಿ ಒಂದು ಮಗ್ಗುಲಿಗೆ ವಾಲಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವರು ಶಾಂಭವಿಯವರತ್ತ ಮುಖ ತಿರುಗಿಸಿದರು.

“ಹೊರಗ ಯಾಕ ನಿಂತಿ? ಒಳಗ ಬಾರವಾ,” ಎಂದರು. ನಾಲಿಗೆ ತೊದಲುತ್ತಿತ್ತು.

“ಬಂದ್ನಿರಿ, ಭಾವ,” ಎಂದು ಶಾಂಭವಿ ಹೊಸ್ತಿಲು ದಾಟಿದರು. ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಆಮೇಲಿನಿಂದ ರಜೆಯ ದಿನಗಳಲ್ಲಿ ಶಾಂಭವಿಯೂ ಅಲ್ಲಿಗೆ ಹೋಗತೊಡಗಿದರು.

ಆ ಬೇಸಿಗೆ ಮುಗಿಯುವಷ್ಟರಲ್ಲಿ ನಜೀರ್ ಶಾಂಭವಿಯವರನ್ನು ಕಾಣಲು ಬಂದರು. ಸೋತವರಂತೆ ಕಂಡರು.

“ಯಂತ್ರ ಭಾಳ ಮಾರ್ಯಾವ್ರಿ. ಈಗ ಎಲ್ಲಾರೂ ತಂದು ವಾಪಸ್ ಕೊಡಾಕತ್ತಾರ. ದಿನಾ ‘ಏನೂ ಇಲ್ಲ, ಏನೂ ಇಲ್ಲ’ ಅಂತೈತಂತ. ಕೆಟ್ಟೈತಿ ಅಂತಾರ.”

“ಕೆಟ್ಟಿಲ್ಲೇನು?”

“ಇಲ್ರಿ. ಬರೋಮುಂದ ನಿಮ್ಮ ಓಣ್ಯಾಗ ನೋಡೀನಿ.”

ಶಾಂಭವಿಯೂ ನೋಡಿದ್ದರು. ಒಂದೊಂದು ಮನೆಯ ಬಾಗಿಲಲ್ಲೂ ಹೊಸ ನಲ್ಲಿ ಬಂದಿತ್ತು. ಜನ ಹೊರಗಿನಿಂದ ಬಂದವರೇ ಕಾಲು ತೊಳೆದು, ಬಟ್ಟೆ ಝಾಡಿಸಿ, ಚಪ್ಪಲಿಯ ತಳವನ್ನೂ ಉಜ್ಜಿ ಒಳಗೆ ಹೋಗುತ್ತಿದ್ದರು. ಏನನ್ನಾದರೂ ಮುಚ್ಚಿಡಬೇಕಾದವರು ಮೊದಲು ತೊಳೆದರು. ತೊಳೆಯದೆ ಹೋದರೆ ಸಂಶಯ ಪಟ್ಟಾರೆಂದು ಏನೂ ಇಲ್ಲದವರೂ ತೊಳೆದರು. ಮನೆಗಳೊಳಗೆ ಧೂಳೇ ಇಲ್ಲವಾಯಿತು. ಮಕ್ಕಳ ಕೆಮ್ಮು ಇಷ್ಟು ಕಡಿಮೆಯಾದದ್ದು ಹೇಗೆಂದು ವೈದ್ಯರು ಬೆರಗಾಗಿದ್ದರು.

“ಮನಿ ಸ್ವಚ್ಛ ಮಾಡಾಕಂತ ಯಂತ್ರಾ ಮಾಡಿದ್ನಿರಿ,” ಎಂದರು ನಜೀರ್. “ಮನಿ ಸ್ವಚ್ಛ ಆದೂವು. ಆದ್ರ ಯಂತ್ರ ಅದನ್ನ ಮಾಡಲಿಲ್ಲ.”

ಶಾಂಭವಿ ನಗು ತಡೆದುಕೊಂಡು ಅವರಿಗೆ ಚಹಾ ಕೊಟ್ಟರು.

ಅದರ ಮರುದಿನ ರಜೆ. ಗಂಡಹೆಂಡಿರಿಬ್ಬರೂ ಗಿರಣಿಯಿಂದ ಸಂಜೆ ಮರಳಿದರು. ಓಣಿಯವರಂತೆ ತಾವೂ ಹಾಕಿಸಿದ್ದ ನಲ್ಲಿಯ ಕಡೆಗೆ ಮುರಿಗೆಪ್ಪ ಬಾಗಿದರು. ಎದುರು ಮನೆಯ ಜಗುಲಿಯಿಂದ ಯಾರೋ ನೋಡುತ್ತಿದ್ದರು.

“ಇರಲಿ ಬಿಡ್ರಿ,” ಎಂದರು ಶಾಂಭವಿ. “ಹಂಗ ಬರ್ರಿ ಒಳಗ.”

ಇಬ್ಬರೂ ಕೆಂಪು ಹೆಜ್ಜೆಗಳನ್ನು ಮೂಡಿಸುತ್ತ ನಡುಮನೆ ದಾಟಿದರು. ಪರೀಕ್ಷೆ ಮುಗಿದರೂ ಅಲ್ಲೇ ಉಳಿದಿದ್ದ ಗುಡಿಸುಗ ಲಗುಬಗೆಯಿಂದ ಹೊರಬಿದ್ದು ಅವರ ಹಿಂದೆಯೇ ಹೊರಟಿತು. ಅದು ಹೊಟ್ಟೆ ಬರಿದುಮಾಡಿಕೊಂಡ ಮೇಲೆ ಗೂಡು ತನ್ನ ಗ್ರಾಂಥಿಕ ಕನ್ನಡದಲ್ಲಿ ಮಾತಾಡಲು ಆರಂಭಿಸಿದಾಗ, ಅಡುಗೆಮನೆಯಲ್ಲಿ ಗಂಡಹೆಂಡಿರಿಬ್ಬರೂ ಒಂದೇ ಸಮನೆ ಸೀನುತ್ತಿದ್ದರು. ಅದು ಏನು ಹೇಳಿತೋ ಯಾರಿಗೂ ಕೇಳಿಸಲಿಲ್ಲ.